ಕೆಟ್ಟಿದ್ದು ಕಣ್ಣಲ್ಲ, ಕತ್ತು!

ಬೀದರ ಪೇಟೆಯಿಂದ ಮೂಡಣಕ್ಕೆ ಸುಮಾರು 3 ಕಿಲೋಮೀಟರ್ ಹೋದರೆ ಅಷ್ಟೂರ. ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತ ಬಯಲು. ಹಗಲೆಲ್ಲ ನೋಡಬಂದವರ ಓಡಾಟ. ಹೊತ್ತು ಮುಳುಗಿತೆಂದರೆ ಪೇಟೆಯ ದೀಪಗಳು ಪಡುವಣಕ್ಕೆ ಉಳಿದು, ಮೂಡಣ ಬಾನು ಕಪ್ಪಗಾಗುತ್ತದೆ. ಆಕಾಶ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಅಂಗಳ ಬೇಕೆ?

ಈ ಊರ ಬದಿಯ ಹೊಲದಂಚಿಗೆ ಒಬ್ಬ ಮಾಸ್ತರು ತಮ್ಮ ಶಾಲೆಯ ದುರ್ಬೀನನ್ನು ಹೊತ್ತು ತಂದರೆಂದು ಇಟ್ಟುಕೊಳ್ಳಿ. ಯಾರೋ ಪುಣ್ಯಾತ್ಮರು ಶಾಲೆಗೆ ಕೊಟ್ಟ ದುರ್ಬೀನು ಅದು. ಮುಂದಿನ ಗಾಜು 60 ಮಿಲಿಮೀಟರ್ ಅಗಲ, ಮೂರು ಕಾಲಿನ ಸ್ಟ್ಯಾಂಡು, ಹಿಂದೆ ಕಣ್ಣಿಡುವ ಐಪೀಸ್. ಮಕ್ಕಳು ಊಟ ಮುಗಿಸಿ, ಸ್ವೆಟರ್ ಹಾಕ್ಕೊಂಡು ಸಾಲು ಹಚ್ಚಿ ನಿಂತಿದ್ದಾರೆ. ಮಾಸ್ತರು ಶನಿಗ್ರಹಕ್ಕೆ ಗುರಿ ಹಿಡಿಯುತ್ತಾರೆ, ಗುಂಡಿ ತಿರುಗಿಸುತ್ತಾರೆ, "ಬಾ, ನೋಡು" ಅನ್ನುತ್ತಾರೆ. ಹುಡುಗಿ ಬಂದು ಕಣ್ಣಿಡುವುದರೊಳಗೆ ಚಿತ್ರ ಮಂಜು!

"ಬರೇ ಬೆಳ್ಳಗ ಕಾಣ್ತದ ನೋಡ್ರಿ ಸರ."

ಮತ್ತೆ ತಿರುಗಿಸುತ್ತಾರೆ. ಮತ್ತೆ ಮಂಜು. ಗುಂಡಿ ತಿರುಗುತ್ತದೆ, ನಳಿಗೆ ಅಲುಗುವುದಿಲ್ಲ. ಇನ್ನೊಮ್ಮೆ ಗುಂಡಿ ಮುಟ್ಟುವುದೇ ತಡ, ಶನಿ ಜಿಗಿದು ಆಚೆ ಹೋಗಿಬಿಡುತ್ತಾನೆ. ಅರ್ಧ ತಾಸಿನಲ್ಲಿ ಸಾಲು ಕರಗುತ್ತದೆ. ನೋಡಬಂದ ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ: "ಕಾಚು ಕೆಟ್ಟದ ಬಿಡ್ರಿ ಮಾಸ್ತರ. ಹೈದ್ರಾಬಾದಿಗೆ ಒಯ್ಯಬೇಕು."

ಹೈದರಾಬಾದಿಗೆ ಯಾರು ಒಯ್ಯಬೇಕು? ಒಯ್ದರೆ ಬಿಲ್ಲು ಯಾರು ಕೊಡಬೇಕು? ದುರ್ಬೀನು ಕಪಾಟು ಸೇರುತ್ತದೆ. ವರ್ಷದ ಕೊನೆಗೆ ಸಾಮಾನುಗಳ ರಿಜಿಸ್ಟರಿನಲ್ಲಿ ಅದರ ಮುಂದೆ "ನಿರುಪಯುಕ್ತ" ಎಂದು ಬರೆದು ಸಹಿ ಹಾಕುವ ಹೊತ್ತು ಬರುತ್ತದೆ. ಆ ಒಂದು ಸಹಿಯಾದರೆ ದುರ್ಬೀನು ಗುಜರಿಗೆ.

ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ ಸ್ವಾಮಿ. ಇಂಥ ಹತ್ತು ದುರ್ಬೀನುಗಳನ್ನು ಬಿಚ್ಚಿ ನೋಡಿದರೆ ಗಾಜು ಕೆಟ್ಟಿದ್ದು ಅಪರೂಪ. ಗಾಜಿಗೆ ಅಷ್ಟು ಸುಲಭಕ್ಕೆ ಏನೂ ಆಗುವುದಿಲ್ಲ. ಕೆಡುವುದು ಅದರ ಕತ್ತು. ಐಪೀಸನ್ನು ಹಿಂದೆ ಮುಂದೆ ಸರಿಸುವ ಆ ಭಾಗಕ್ಕೆ ಫೋಕಸರ್ ಅನ್ನುತ್ತಾರೆ. ನಾಲ್ಕು ಸ್ಕ್ರೂ, ಒಂದು ಹಲ್ಲಿನ ಚಕ್ರ, ಒಂದು ಹಲ್ಲಿನ ಪಟ್ಟಿ, ಚಿಟಿಕೆ ಗ್ರೀಸು. ಇಷ್ಟೇ ಅದರ ಸಂಸಾರ!

ಕಾಗದದಷ್ಟು ಜಾಗ

ಮುಂದಿನ ದೊಡ್ಡ ಗಾಜು ಚಂದ್ರನ ಬೆಳಕನ್ನು ಹಿಡಿದು ಒಂದು ಕಡೆ ಕೂಡಿಸುತ್ತದೆ. ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ದುರ್ಬೀನಿನಲ್ಲಿ ಈ ಕೂಡುವ ಜಾಗ ಗಾಜಿನಿಂದ ಸುಮಾರು 700 ಮಿಲಿಮೀಟರ್ ಹಿಂದೆ ಇರುತ್ತದೆ. ಅಲ್ಲಿ ಪುಟ್ಟ ಚಿತ್ರವೊಂದು ಮೂಡುತ್ತದೆ. ಆ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯೇ ಐಪೀಸ್. ಚಿತ್ರ ಮೂಡುವ ಜಾಗಕ್ಕೆ ಐಪೀಸ್ ಸರಿಯಾಗಿ ಬಂದು ನಿಲ್ಲಬೇಕು. ನಿಲ್ಲಿಸುವ ಕೆಲಸ ಫೋಕಸರಿನದು.

"ಸರಿಯಾಗಿ" ಅಂದರೆ ಎಷ್ಟು ಸರಿ? ಇದಕ್ಕೊಂದು ಲೆಕ್ಕ ಉಂಟು. 60 ಮಿಲಿಮೀಟರ್ ಗಾಜಿನ, 700 ಮಿಲಿಮೀಟರ್ ದೂರದ ದುರ್ಬೀನಿಗೆ ಚಿತ್ರ ಚೊಕ್ಕಟವಾಗಿ ಕಾಣುವ ಜಾಗದ ಅಗಲ ಸುಮಾರು 0.3 ಮಿಲಿಮೀಟರ್. ಬರೆಯುವ ಕಾಗದದ ಮೂರು ಹಾಳೆ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಇನ್ನೂ ಮೊಟಕಾದ, ಗಾಜಿನ ಅಗಲದ ಐದೇ ಪಟ್ಟು ಉದ್ದದ ದುರ್ಬೀನಾದರೆ ಅರ್ಧ ಹಾಳೆಯಷ್ಟು ಮಾತ್ರ. ಅಷ್ಟರಲ್ಲಿ ನಿಂತರೆ ಶನಿಯ ಬಳೆ ಕಾಣುತ್ತದೆ. ಜಾರಿದರೆ ಬರೀ ಬೆಳ್ಳನೆಯ ಚುಕ್ಕೆ.

ಈಗ ತಿಳಿಯಿತಲ್ಲ? ಸಡಿಲಾದ ಒಂದು ಸ್ಕ್ರೂ ಅರ್ಧ ಮಿಲಿಮೀಟರ್ ಅಲುಗಾಡಿದರೆ ಶನಿ ಮಾಯ. ಗಾಜಿನ ತಪ್ಪೇನೂ ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, ಸ್ಕ್ರೂ ಸಡಿಲಾಯಿತೆಂದು ಇಡೀ ದುರ್ಬೀನನ್ನೇ ಗುಜರಿಗೆ ಹಾಕುವುದೆ?

ಅಣ್ಣ ಹಾಕಿದ ಬುನಾದಿ

ಅಷ್ಟೂರಿನಲ್ಲಿ ಮಲಗಿರುವವರಲ್ಲಿ ಹೆಸರಾದವನು ಅಹ್ಮದ್ ಶಾ ವಲಿ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು, 1436ರಲ್ಲಿ ತೀರಿಕೊಂಡವನು. ಅವನ ಗುಮ್ಮಟದ ಒಳಗೋಡೆಯ ಬಣ್ಣದ ಬರಹ ನೋಡಲು ದೂರದೂರದಿಂದ ಜನ ಬರುತ್ತಾರೆ. ಜಾತ್ರೆಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಕೈಮುಗಿಯುತ್ತಾರೆ. ಕೆಲವರಿಗೆ ಆತ ವಲಿ, ಕೆಲವರಿಗೆ ಅಲ್ಲಮಪ್ರಭು.

ಈ ಅಹ್ಮದ್ ಶಾನ ಅಣ್ಣ ಫಿರೋಜ್ ಶಾ ಬಹಮನಿ. 1397ರಿಂದ 1422ರವರೆಗೆ ಆಳಿದವನು, ನಕ್ಷತ್ರವಿದ್ಯೆಯ ಹುಚ್ಚಿದ್ದವನು. 1407ರಲ್ಲಿ ದೌಲತಾಬಾದ್ ಹತ್ತಿರದ ಘಾಟಿನ ಮೇಲೆ ವೀಕ್ಷಣಾಲಯ ಕಟ್ಟಿಸಲು ಹೊರಟನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಆಗಿನ್ನೂ ದುರ್ಬೀನು ಹುಟ್ಟಿರಲಿಲ್ಲ. ಅದು ಯುರೋಪಿನಲ್ಲಿ ಬೆಳಕಿಗೆ ಬಂದದ್ದು 1608ರಲ್ಲಿ, ಅಂದರೆ ಇನ್ನೂರು ವರ್ಷ ಆದಮೇಲೆ. ಬರಿಗಣ್ಣಿಂದಲೇ ಗ್ರಹಗತಿ ಅಳೆಯುವ ಯೋಜನೆ ಅದು. ಕೆಲಸ ನಡೆಸುತ್ತಿದ್ದ ವಿದ್ವಾಂಸ ಹಕೀಮ್ ಹಸನ್ ಗೀಲಾನಿ ತೀರಿಕೊಂಡ. ವೀಕ್ಷಣಾಲಯ ಅರ್ಧಕ್ಕೆ ನಿಂತುಹೋಯಿತು.

ರಾಜನ ಖಜಾನೆಯಲ್ಲಿ ಹಣಕ್ಕೇನು ಕಮ್ಮಿ? ಕಲ್ಲಿಗೇನು ಬರ? ಇಲ್ಲದೆ ಹೋದದ್ದು ಬಲ್ಲ ಒಬ್ಬ ಮನುಷ್ಯ. ಆರುನೂರು ವರ್ಷ ಕಳೆದರೂ ಆ ಪಾಠ ಹಳೆಯದಾಗಿಲ್ಲ. ಶಾಲೆಯ ಕಪಾಟಿನ ದುರ್ಬೀನಿಗೂ ಬೇಕಾದ್ದು ಬಲ್ಲ ಒಂದು ಕೈ.

ಹತ್ತಿರದ ಇನ್ನೊಂದು ಮಾತು. ಬೀದರ ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ. ಆ ಹೈದರಾಬಾದಿನಲ್ಲಿ 1901ರಲ್ಲಿ ನವಾಬ್ ಜಫರ್ ಜಂಗ್ ಎಂಬ ಶ್ರೀಮಂತ ತನ್ನ ಸ್ವಂತ ಹವ್ಯಾಸಕ್ಕೆ ಇಂಗ್ಲೆಂಡಿನಿಂದ 15 ಇಂಚಿನ ದುರ್ಬೀನು ತರಿಸಿದ. ಅದೇ ಮುಂದೆ ನಿಜಾಮಿಯಾ ವೀಕ್ಷಣಾಲಯವಾಯಿತು. ಅಲ್ಲಿ ಕೆಲಸಕ್ಕಿದ್ದ ಒಬ್ಬರ ಮಗ ಚಿಕ್ಕಂದಿನಿಂದ ದುರ್ಬೀನುಗಳ ನಡುವೆಯೇ ಆಡಿ ಬೆಳೆದ. ಅವನೇ ವೇಣು ಬಾಪು. 1949ರಲ್ಲಿ ಅಮೆರಿಕದಲ್ಲಿ ಓದುವಾಗ ಒಂದು ಧೂಮಕೇತು ಕಂಡುಹಿಡಿದು, ಮುಂದೆ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟಿಸಿದ ವಿಜ್ಞಾನಿ. ಅಲ್ಲಿಯ 2.34 ಮೀಟರ್ ದುರ್ಬೀನಿಗೆ ಈಗ ಅವರದೇ ಹೆಸರು. ಹುಡುಗನ ಕೈಗೆ ಸಿಕ್ಕ ದುರ್ಬೀನು ಎಲ್ಲಿಗೆ ಮುಟ್ಟಿಸುತ್ತದೆಂದು ಯಾರು ಕಂಡಿದ್ದಾರೆ? ಕಪಾಟಿನಲ್ಲಿ ಬೀಗ ಬಿದ್ದ ದುರ್ಬೀನು ಮಾತ್ರ ಎಲ್ಲಿಗೂ ಮುಟ್ಟಿಸುವುದಿಲ್ಲ.

ಚೌಬಾರಾ ಸುತ್ತಲೇ ವೈದ್ಯ

ಹಾಗಾದರೆ ರಿಪೇರಿ ಎಲ್ಲಿ? ಹೈದರಾಬಾದಿನ ಬಸ್ಸು ಹತ್ತುವ ಮೊದಲು ಚೌಬಾರಾ ಸುತ್ತ ಒಂದು ಸುತ್ತು ಹಾಕಿದರೂ ಆದೀತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಗಡಿಯಾರ ರಿಪೇರಿಯವರಿಗಿಂತ ಸಣ್ಣ ಸ್ಕ್ರೂ ಬಲ್ಲವರು ಯಾರು? ಹಲ್ಲಿಗೆ ಹಲ್ಲು ಹೇಗೆ ಕೂಡಬೇಕೆಂದು ಅವರಿಗೆ ಹೇಳಿಕೊಡಬೇಕೆ?

ಮಾಸ್ತರು ದುರ್ಬೀನು ಮುಂದಿಟ್ಟರೆ ಅಂಥ ಉಸ್ತಾದರು ಮೊದಲು ಮುಂದಿನ ಗಾಜನ್ನು ಮುಟ್ಟುವುದಿಲ್ಲ. ಗುಂಡಿಯನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ ತಿರುಗಿಸುತ್ತಾರೆ. ಒಳನಳಿಗೆಯನ್ನು ಬೆರಳಲ್ಲಿ ಹಿಡಿದು ಅಲುಗಿಸುತ್ತಾರೆ.

"ಕಾಚಿಗೇನ್ ಆಗಿಲ್ರಿ ಮಾಸ್ತರ. ಇಲ್ಲಿ ಈ ಪಟ್ಟಿ ಸಡಿಲ್ ಆಗ್ಯದ, ನೋಡ್ರಿ."

ಏನೇನು ಕೆಡುತ್ತದೆ, ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದು: ಗುಂಡಿ ತಿರುಗುತ್ತದೆ, ನಳಿಗೆ ಕದಲುವುದಿಲ್ಲ. ಗುಂಡಿಯ ನಡುವಿನ ಸಲಾಕೆಯ ಮೇಲೆ ಒಂದು ಸಣ್ಣ ತಗಡಿನ ಮುಚ್ಚಳವಿದೆ. ಅದಕ್ಕೆ ಎರಡೋ ನಾಲ್ಕೋ ಸ್ಕ್ರೂ. ಅವು ಸಡಿಲಾದರೆ ಹಲ್ಲಿನ ಚಕ್ರ ಮೇಲೆದ್ದು, ಪಟ್ಟಿಯ ಹಲ್ಲಿಗೆ ಸಿಗದೆ ಸುಮ್ಮನೆ ತಿರುಗುತ್ತದೆ. ಸ್ಕ್ರೂಗಳನ್ನು ಸರದಿಯಂತೆ, ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು ಬಿಗಿಯಬೇಕು. ಒಮ್ಮೆಗೇ ಒಂದನ್ನೇ ಬಿಗಿದರೆ ಮುಚ್ಚಳ ಸೊಟ್ಟಗಾಗುತ್ತದೆ. ಹೆಚ್ಚು ಬಿಗಿದರೆ ಗುಂಡಿ ಗಟ್ಟಿ. ಪ್ಲಾಸ್ಟಿಕ್ ಹಲ್ಲಾದರೆ ಮುರಿದೇ ಹೋಗುತ್ತದೆ. ಬೆರಳೆರಡರಿಂದ ಹಗುರಾಗಿ ತಿರುಗಬೇಕು, ಕೈಬಿಟ್ಟರೆ ನಿಂತಲ್ಲೇ ನಿಲ್ಲಬೇಕು. ಅದೇ ಹದ.

ಎರಡು: ಆಕಾಶದ ನಡುನೆತ್ತಿಗೆ ಗುರಿ ಹಿಡಿದಾಗ ಚಿತ್ರ ತಾನಾಗಿ ಮಂಜಾಗುತ್ತದೆ. ಐಪೀಸಿನ ಭಾರಕ್ಕೆ ಒಳನಳಿಗೆ ಕೆಳಗೆ ಜಾರುತ್ತಿದೆ ಎಂದರ್ಥ. ಅದನ್ನು ಹಿಡಿದಿಡಲೆಂದೇ ಒಂದು ಸಣ್ಣ ಸ್ಕ್ರೂ ಇರುತ್ತದೆ. ಎಷ್ಟೋ ಸಲ ಅದು ಬಿದ್ದು ಕಳೆದುಹೋಗಿರುತ್ತದೆ. ಅದೇ ಅಳತೆಯದು ಹಾಕಿದರೆ ಕೆಲಸ ಮುಗಿಯಿತು.

ಮೂರು: ಗುಂಡಿ ಮುಟ್ಟಿದರೆ ಶನಿ ಪಕ್ಕಕ್ಕೆ ಜಿಗಿಯುತ್ತಾನೆ. ಒಳನಳಿಗೆಗೂ ಹೊರನಳಿಗೆಗೂ ನಡುವೆ ಜಾಗ ಹೆಚ್ಚಾಗಿದೆ. ಹೊಸದಿದ್ದಾಗ ಅಲ್ಲಿ ಮಕಮಲ್ಲಿನದೋ ಪ್ಲಾಸ್ಟಿಕ್ಕಿನದೋ ತೆಳು ಅಸ್ತರಿ ಇರುತ್ತದೆ. ಅದು ಸವೆದು ಉದುರಿದರೆ ನಳಿಗೆ ಗಂಟೆಯ ನಾಲಗೆಯಂತೆ ಅಲುಗುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿಯಿಂದ ಬೆರಳಗಲದ ಎರಡು ಪಟ್ಟಿ ಕತ್ತರಿಸಿ, ಹಲ್ಲಿನ ಪಟ್ಟಿ ಇರುವ ಬದಿಗೆ ಎದುರಾಗಿ ಎಡಕ್ಕೊಂದು ಬಲಕ್ಕೊಂದು ಒಳಗೆ ಅಂಟಿಸಿದರೆ ನಳಿಗೆ ನೆಟ್ಟಗೆ ಕೂರುತ್ತದೆ. ಒಂದು ಪದರ ಸಾಲದಿದ್ದರೆ ಎರಡು.

ನಾಲ್ಕು: ಗುಂಡಿ ತಿರುಗಿಸಲು ಭೀಮನ ಬಲ ಬೇಕು. ಹಳೆಯ ಗ್ರೀಸು ಧೂಳು ಕುಡಿದು ಬೆಲ್ಲದ ಪಾಕವಾಗಿದೆ. ಚಳಿಯಲ್ಲಂತೂ ಅಂಟು. ನಳಿಗೆ ಹೊರತೆಗೆದು, ಲೋಹದ್ದಾದರೆ ಸೀಮೆಎಣ್ಣೆ ಮುಟ್ಟಿಸಿದ ಬಟ್ಟೆಯಲ್ಲಿ, ಪ್ಲಾಸ್ಟಿಕ್ಕಾದರೆ ಸಾಬೂನು ನೀರಿನಲ್ಲಿ ಒರೆಸಿ ಒಣಗಿಸಬೇಕು. ಆಮೇಲೆ ಅಕ್ಕಿಕಾಳಿನಷ್ಟು ಹೊಸ ಗ್ರೀಸನ್ನು ಹಲ್ಲಿಗೆ ಮಾತ್ರ ಸವರಬೇಕು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡಲೇಬೇಡಿ. ಎಣ್ಣೆ ಹರಿದು ಗಾಜಿಗೆ ಹೋದರೆ ಇಲ್ಲದ ರೋಗ ತಂದುಕೊಂಡಂತೆ.

ಐದು: ಹಲ್ಲೇ ಮುರಿದಿದೆ. ಇದು ಸ್ವಲ್ಪ ಕಷ್ಟ. ಹಲ್ಲು ಕೊರೆಯುವುದು ಎಲ್ಲ ಲೇತ್ ಅಂಗಡಿಯ ಕೆಲಸವಲ್ಲ. ಅದೇ ಅಳತೆಯ ಚಕ್ರ ಸಿಕ್ಕರೆ ಸರಿ. ಸಿಗದಿದ್ದರೂ ದುರ್ಬೀನು ಸಾಯುವುದಿಲ್ಲ. ಹಲ್ಲಿನ ಗೊಡವೆಯೇ ಬೇಡವೆಂದು ಒಳನಳಿಗೆಗೆ ಮಕಮಲ್ಲಿನ ಅಸ್ತರಿ ಅಂಟಿಸಿ, ಕೈಯಿಂದಲೇ ಸರಿಸಿ ನಿಲ್ಲಿಸಬಹುದು. ಗೆಲಿಲಿಯೋನ ದುರ್ಬೀನಿಗೆ ಹಲ್ಲಿನ ಚಕ್ರ ಎಲ್ಲಿತ್ತು? ನಳಿಗೆಯೊಳಗೆ ನಳಿಗೆ ಜಾರಿಸಿಯೇ ಆತ 1610ರಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡ.

ಲೇತ್ ಅಂಗಡಿ ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ಕಡೆ. ಹಳೆಯ ದುರ್ಬೀನುಗಳಲ್ಲಿ ಐಪೀಸ್ ಕೂರುವ ಬಾಯಿ 24.5 ಮಿಲಿಮೀಟರ್. ಈಗ ಪೇಟೆಯಲ್ಲಿ ಸಿಗುವ ಐಪೀಸ್ ಹೆಚ್ಚಾಗಿ 31.7 ಮಿಲಿಮೀಟರಿನದು. ಒಂದಕ್ಕೊಂದು ಕೂಡುವುದಿಲ್ಲ. "ಐಪೀಸ್ ಕಳೀತು, ದುರ್ಬೀನು ಸತ್ತಿತು" ಎಂದು ಕೈಚೆಲ್ಲುವವರಿದ್ದಾರೆ. ಎರಡನ್ನೂ ಅಳೆದು ಒಂದು ಬಳೆ ಕಡೆಸಿ ನಡುವೆ ಹಾಕಿದರೆ ಹಳೆಯ ದುರ್ಬೀನಿಗೆ ಹೊಸ ಕಣ್ಣು.

ಅಳತೆಯ ವಿಷಯದಲ್ಲಿ ಬೀದರದವರಿಗೆ ಬೇರೆ ಊರವರು ಪಾಠ ಹೇಳಬೇಕಿಲ್ಲ. ಸತು ತಾಮ್ರದ ಎರಕವನ್ನು ಉಜ್ಜಿ ನುಣುಪು ಮಾಡಿ, ಉಳಿಯಿಂದ ಕೂದಲಿನಂಥ ಗೆರೆ ಕೊರೆದು, ಆ ಗೆರೆಗೆ ಬೆಳ್ಳಿಯ ತಂತಿ ಅಲುಗಾಡದಂತೆ ಬಡಿದು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಬಿದರಿ ಕೆಲಸ ಈ ಊರಿನದು. 2006ರಲ್ಲಿ ಊರ ಹೆಸರಿನ ಭೌಗೋಳಿಕ ಗುರುತೂ ಅದಕ್ಕೆ ಸಿಕ್ಕಿದೆ. ತಂತಿಯನ್ನು ಗೆರೆಯಲ್ಲಿ ಅಲುಗದ ಹಾಗೆ ಕೂರಿಸುವ ಊರಿನಲ್ಲಿ ನಳಿಗೆಯೊಳಗೆ ನಳಿಗೆ ಅಲುಗದ ಹಾಗೆ ಕೂರಿಸಲು ಆಗುವುದಿಲ್ಲವೆ?

ಬಿಚ್ಚುವ ಮುಂಚೆ ಎಚ್ಚರ

ಮನೆಯಲ್ಲೇ ಬಿಚ್ಚುವವರಿಗೆ ನಾಲ್ಕು ಮಾತು. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ಸ್ಕ್ರೂ ಉರುಳಿದರೆ ಕಾಣುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಸರದಿಯಂತೆ ಡಬ್ಬಿಯ ಮುಚ್ಚಳದಲ್ಲಿಡಿ. ತಗಡಿನ ಮುಚ್ಚಳ ಯಾವ ಕಡೆ ಮುಖ ಮಾಡಿತ್ತೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಮುಂದಿನ ದೊಡ್ಡ ಗಾಜನ್ನು ಮಾತ್ರ ಬಿಚ್ಚಬೇಡಿ. ಅದರಲ್ಲಿ ಸಾಮಾನ್ಯವಾಗಿ ಎರಡು ಗಾಜು ಜೋಡಿಯಾಗಿರುತ್ತವೆ. ತಿರುವುಮುರುವಾದರೆ ಆಗ ನಿಜವಾಗಿಯೂ ಹೈದರಾಬಾದಿನ ದಾರಿ ಹಿಡಿಯಬೇಕಾದೀತು.

ಇನ್ನೊಂದು, ಎಲ್ಲಕ್ಕಿಂತ ದೊಡ್ಡದು. ರಿಪೇರಿ ಆಯಿತೋ ಇಲ್ಲವೋ ನೋಡಲು ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಲೇಬೇಡಿ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ಕೆಲವು ದುರ್ಬೀನುಗಳ ಜೊತೆ ಐಪೀಸಿಗೆ ಹಾಕುವ ಕಪ್ಪು ಗಾಜು ಬರುತ್ತದೆ. ಅದನ್ನು ನಂಬಬಾರದು. ಬಿಸಿಲ ಕಾವಿಗೆ ಅದು ಕಣ್ಣ ಮುಂದೆಯೇ ಸೀಳುತ್ತದೆ. ಅಂಥದ್ದು ಸಿಕ್ಕರೆ ಒಡೆದು ಹಾಕುವುದೇ ಲೇಸು.

ಹಾಗಾದರೆ ಹಗಲು ಪರೀಕ್ಷೆಗೆ ಏನು ನೋಡಬೇಕು? ಅಷ್ಟೂರಿನಲ್ಲಿ ಗುಮ್ಮಟಗಳಿಗೇನು ಬರವೆ? ಸೂರ್ಯ ಬೆನ್ನ ಹಿಂದೆ ಇರುವಂತೆ ನಿಂತು, ಅರ್ಧ ಕಿಲೋಮೀಟರ್ ದೂರದಿಂದ ಗುಮ್ಮಟದ ತುದಿಗೆ ಗುರಿ ಹಿಡಿಯಿರಿ. ಸಿಡಿಲು ಬಡಿದು ಒಡೆದ ಹುಮಾಯೂನ್ ಶಾನ ಗುಮ್ಮಟದ ಅಂಚಾದರೂ ಆದೀತು. ಇಟ್ಟಿಗೆಯ ಗೆರೆ ಎಣಿಸುವಷ್ಟು ಸ್ಪಷ್ಟ ಕಂಡಿತೆ? ಈಗ ಗುಂಡಿ ಮುಟ್ಟದೆ ಹತ್ತು ನಿಮಿಷ ಬಿಡಿ. ಬಂದು ನೋಡಿದಾಗಲೂ ಹಾಗೇ ಇದ್ದರೆ ಕತ್ತು ಗಟ್ಟಿಯಾಯಿತು. ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿದಾಗ ಗುಮ್ಮಟ ನಿಂತಲ್ಲೇ ಮಂಜಾಗಿ ನಿಂತಲ್ಲೇ ತಿಳಿಯಾಗಬೇಕು. ಪಕ್ಕಕ್ಕೆ ಜಿಗಿದರೆ ಇನ್ನೊಂದು ಪದರ ಪಟ್ಟಿ ಬೇಕು.

ರಾತ್ರಿ ಚಂದ್ರನಿಗೆ ತಿರುಗಿಸಿದಾಗ ಚಿತ್ರ ಮತ್ತೆ ಮಂಜಾಗಿ ಕಂಡರೆ ಗಾಬರಿ ಬೇಡ. 700 ಮಿಲಿಮೀಟರ್ ದುರ್ಬೀನಿಗೆ ಅರ್ಧ ಕಿಲೋಮೀಟರ್ ದೂರದ ಗುಮ್ಮಟಕ್ಕೂ ಚಂದ್ರನಿಗೂ ಫೋಕಸಿನಲ್ಲಿ ಸುಮಾರು ಒಂದು ಮಿಲಿಮೀಟರ್ ಅಂತರ. ಅಷ್ಟು ಒಳಗೆ ಸರಿಸಿದರೆ ಚಂದ್ರ ತಿಳಿ. ಹುಣ್ಣಿಮೆಗಿಂತ ಅಷ್ಟಮಿಯ ಚಂದ್ರ ಒಳ್ಳೆಯದು. ಬೆಳಕು ಕತ್ತಲೆ ಕೂಡುವ ಗೆರೆಯಲ್ಲಿ ನೆರಳು ಉದ್ದ ಬಿದ್ದು ಗುಳಿಗಳು ಎದ್ದು ಕಾಣುತ್ತವೆ.

ಡಬ್ಬಿಯ ಮೇಲೆ 500 ಪಟ್ಟು, 600 ಪಟ್ಟು ಎಂದು ಬರೆದಿರುವುದನ್ನು ನಂಬಿ ಮೋಸಹೋಗಬಾರದು. 60 ಮಿಲಿಮೀಟರ್ ಗಾಜಿಗೆ ಎಷ್ಟೆಂದರೂ 120 ಪಟ್ಟು. ಅದರಾಚೆ ಹೋದರೆ ಫೋಕಸರ್ ಎಷ್ಟೇ ಗಟ್ಟಿ ಇರಲಿ, ಕಾಣುವುದು ದೊಡ್ಡ ಮಂಜು! ಮೊದಲು 20 ಮಿಲಿಮೀಟರಿನ ಐಪೀಸ್ ಹಾಕಿ. ಅದು 35 ಪಟ್ಟು ತೋರಿಸುತ್ತದೆ. ಶನಿಯ ಬಳೆಗೆ ಅಷ್ಟೇ ಸಾಕು.

ಕಿವಿಯೋ, ಬಳೆಯೋ?

1610ರಲ್ಲಿ ಗೆಲಿಲಿಯೋ ಶನಿಯನ್ನು ನೋಡಿದಾಗ ಅವನ ದುರ್ಬೀನಿಗೆ ಬಳೆ ಬಿಡಿಸಿ ತೋರಿಸುವಷ್ಟು ಶಕ್ತಿ ಇರಲಿಲ್ಲ. ಗ್ರಹದ ಎರಡೂ ಪಕ್ಕಕ್ಕೆ ಏನೋ ಅಂಟಿಕೊಂಡಂತೆ, ಕಿವಿ ಇದ್ದಂತೆ ಕಂಡಿತು. ಅದು ಗ್ರಹವನ್ನು ಮುಟ್ಟದೆ ಸುತ್ತುವರಿದ ಬಳೆ ಎಂದು ಹಾಲೆಂಡಿನ ಹೈಗನ್ಸ್ ಬರೆದು ಪ್ರಕಟಿಸಿದ್ದು 1659ರಲ್ಲಿ. ಕಿವಿ ಬಳೆಯಾಗಲು ಜಗತ್ತು ಐವತ್ತು ವರ್ಷ ಕಾಯಬೇಕಾಯಿತು.

ಅಷ್ಟೂರಿನ ಹೊಲದಂಚಿನಲ್ಲಿ ನಿಂತ ಹುಡುಗಿ ಅಷ್ಟು ಕಾಯಬೇಕಿಲ್ಲ. ಅವಳಿಗೂ ಬಳೆಗೂ ನಡುವೆ ಇರುವುದು ಮೂರು ಕಾಗದದಷ್ಟು ಜಾಗ, ನಾಲ್ಕು ಸ್ಕ್ರೂ. ಆದರೆ ಹೊತ್ತು ಮಾತ್ರ ಯಾರಿಗೂ ಕಾಯುವುದಿಲ್ಲ. 2025ರ ಮಾರ್ಚಿನಲ್ಲಿ ಶನಿಯ ಬಳೆ ಭೂಮಿಗೆ ಅಂಚು ತೋರಿಸಿ ಕಾಣದಂತಾಗಿತ್ತು. ಅಲ್ಲಿಂದ ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತ 2032ರ ಸುಮಾರಿಗೆ ಪೂರಾ ಅಗಲವಾಗುತ್ತದೆ. ಶನಿ ಸೂರ್ಯನನ್ನು ಒಮ್ಮೆ ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ. ಈ ಸುಗ್ಗಿ ತಪ್ಪಿಸಿಕೊಂಡ ಶಾಲೆಯ ಮಕ್ಕಳು ಮುಂದಿನದಕ್ಕೆ ತಮ್ಮ ಮಕ್ಕಳ ಕೈ ಹಿಡಿದು ಬರಬೇಕಾದೀತು.

ಉಸ್ತಾದರು ಸ್ಕ್ರೂ ಬಿಗಿದು, ಗುಂಡಿ ತಿರುಗಿಸಿ, ಕಿವಿ ಹತ್ತಿರ ಹಿಡಿದು ಸಪ್ಪಳ ಕೇಳುತ್ತಾರೆ.

"ಎಷ್ಟ್ ಆಯ್ತ್ರಿ ಉಸ್ತಾದ?"

"ಏನ್ ತಗೋಳ್ಲಿ ಮಾಸ್ತರ? ಒಂದ್ ಚಾ ಕುಡಸ್ರಿ. ಖರೆ, ಒಂದ್ ದಿನ ನಂಗೂ ಶನಿ ತೋರಸ್ರಿ."

ರಿಜಿಸ್ಟರಿನಲ್ಲಿ ದುರ್ಬೀನಿನ ಮುಂದೆ "ದುರಸ್ತಿಯಾಗಿದೆ" ಎಂದು ಬರೆಯಲು "ನಿರುಪಯುಕ್ತ" ಎಂದು ಬರೆಯುವಷ್ಟೇ ಶಾಯಿ ಸಾಕು. ಆ ಸಂಜೆ ಹೊಲದಂಚಿನ ಸಾಲಿನಲ್ಲಿ ಮಕ್ಕಳ ಹಿಂದೆ ಅಂಗಡಿ ಮುಚ್ಚಿ ಬಂದ ಉಸ್ತಾದರೂ ನಿಂತಿರಬೇಕು. ತೀರ್ಪು ಕೊಟ್ಟಿದ್ದ ಹಿರಿಯರಿಗೂ ಒಂದು ಸರದಿ ಇರಲಿ.